ವಿಮಾನವು ಎಷ್ಟು ಎಣ್ಣೆಯನ್ನು ಹೊರಬೇಕು?

ಭಟ್ಕಳದ ಗೃಹಸ್ಥರೊಬ್ಬರು ಕಳೆದ ಮಳೆಗಾಲದಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಮಗ ದುಬೈಯಲ್ಲಿ ಉದ್ಯೋಗದಲ್ಲಿರುವವನು. ಅವನನ್ನು ಕರೆತರುವುದಕ್ಕಾಗಿ ಅವರು ನಡುರಾತ್ರಿಯಲ್ಲಿ ಕಾರು ಮಾಡಿಕೊಂಡು ಹೊರಟು, ಬೆಳಗಿನ ಜಾವಕ್ಕೆ ಮಂಗಳೂರಿನ ಬಜ್ಪೆಯ ವಿಮಾನ ನಿಲ್ದಾಣವನ್ನು ಮುಟ್ಟಿ, ಧೋ ಎಂದು ಸುರಿಯುವ ಮಳೆಯಲ್ಲಿ ಕಾದು ನಿಂತಿದ್ದರು. ಮೋಡದೊಳಗಿಂದ ವಿಮಾನದ ಸದ್ದು ಎರಡು ಬಾರಿ ಕೇಳಿಸಿತು. ವಿಮಾನ ಮಾತ್ರ ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅದು ಬೆಂಗಳೂರಿಗೆ ಹೊರಟುಹೋಯಿತೆಂದು ತಿಳಿಯಿತು. ಅದಾಗಿ ಅರ್ಧ ಗಂಟೆಯೊಳಗೆ ಮಂಗಳೂರಿನಲ್ಲಿ ಮಳೆ ನಿಂತು ಎಳೆಬಿಸಿಲು ಕೂಡ ಬಿದ್ದಿತು! ಮಗ ಸಂಜೆಯ ಹೊತ್ತಿಗೆ ಕೈಚೀಲವೊಂದನ್ನು ಹಿಡಿದು ಬಂದನು. ಅವನ ಪೆಟ್ಟಿಗೆ ದುಬೈಯಲ್ಲಿಯೇ ಉಳಿದಿದ್ದು, ಮರುದಿನದ ವಿಮಾನದಲ್ಲಿ ಬಂದಿತು. “ಇನ್ನರ್ಧ ಗಂಟೆ ಮೇಲೆಯೇ ಸುತ್ತುತ್ತಿರುವುದಕ್ಕೆ ಸಾಕಾಗುವಷ್ಟು ಎಣ್ಣೆಯನ್ನು ಹಾಕಿಕೊಂಡು ಬರಬಾರದಾಗಿತ್ತೇ? ಟಾಂಕಿಯಲ್ಲಿ ಜಾಗವಿರಲಿಲ್ಲವೇ? ಸಾಲದ್ದಕ್ಕೆ ಪೆಟ್ಟಿಗೆಯನ್ನು ಬೇರೆ ಬಿಟ್ಟು ಬಂದರಲ್ಲ!” ಎಂಬುದು ಅವರ ದೂರು.

ಟಾಂಕಿಯಲ್ಲಿ ಜಾಗವಿತ್ತು. ಅದನ್ನು ತುಂಬುವುದಕ್ಕೆ ದುಬೈಯಲ್ಲಿ ಎಣ್ಣೆಗೆ ಬರವೂ ಇಲ್ಲ. ತುಂಬದಿರುವುದಕ್ಕೆ ಕಾರಣವೇ ಬೇರೆ. ಅದು ತಿಳಿದರೆ, ವಿಮಾನ ಕಾಯಲಿಲ್ಲವೆಂಬ ದೂರೂ ಪೆಟ್ಟಿಗೆ ಹಿಂದುಳಿಯಿತೆಂಬ ದೂರೂ ಒಂದೇ ಲೆಕ್ಕದ ಎರಡು ಬದಿಗಳೆಂಬುದು ಗೊತ್ತಾಗುತ್ತದೆ.

ಹೊನ್ನಾವರ, ಕುಮಟೆಗಳ ಕಡೆಯವರಿಗೆ ಈ ಲೆಕ್ಕ ಹೊಸದಾಗಿ ಕಾಣಲಾರದು. ಶರಾವತಿಯು ಸಮುದ್ರವನ್ನು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವು ನೀರಿನೊಳಗೆ ಅಡ್ಡಲಾಗಿ ಬೆಳೆಯುತ್ತದೆಯಷ್ಟೆ. ಹೇರು ಹೆಚ್ಚಾದ ಮಚ್ವೆಯು ನೀರಿನಲ್ಲಿ ಆಳಕ್ಕೆ ಕುಳಿತುಕೊಳ್ಳುತ್ತದೆ. ಉಬ್ಬರವಿಲ್ಲದ ವೇಳೆಯಲ್ಲಿ ಅದರ ಅಡಿ ಮರಳಿಗೆ ತಗಲುತ್ತದೆ. ಆದುದರಿಂದ ಬಲ್ಲ ತಾಂಡೇಲನು ಹೊರಡುವ ಬಂದರಿನ ನೀರನ್ನು ನೋಡಿ ಹೇರುವುದಿಲ್ಲ. ಸೇರುವ ಅಳಿವೆಯ ನೀರನ್ನು ನೆನೆದು ಹೇರುತ್ತಾನೆ. ಇನ್ನೂ ಹಿಂದಕ್ಕೆ ಹೋದರೆ, ವಿಜಯನಗರದ ಕಾಲದಲ್ಲಿ ಹೊರ್ಮುಜಿನ ಕಡೆಯಿಂದ ಭಟ್ಕಳಕ್ಕೆ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಕುದುರೆಗೆ ದಾರಿಯುದ್ದಕ್ಕೂ ನೀರು ಬೇಕು. ನೀರನ್ನು ಹೆಚ್ಚಾಗಿ ತುಂಬಿದಷ್ಟೂ ಕುದುರೆಗೆ ಜಾಗ ಕಡಮೆ. ಕಡಮೆ ತುಂಬಿದರೋ, ನಡುಗಡಲಿನಲ್ಲಿ ಗಾಳಿ ನಿಂತುಹೋದ ಪಕ್ಷದಲ್ಲಿ ಸರಕೇ ಸಾಯುತ್ತದೆ. ಅದೇ ಅರಬ್ಬೀ ಸಮುದ್ರವನ್ನು ಇಂದು ದಾಟುವ ವಿಮಾನಕ್ಕೆ ಎಣ್ಣೆಯೇ ಆ ನೀರು. ಇಳಿಯುವ ನಿಲ್ದಾಣದ ಓಡುದಾರಿಯೇ ಆ ಅಳಿವೆ.

ಈಗ ಲೆಕ್ಕಕ್ಕೆ ಬರೋಣ. ಜೆಟ್ ವಿಮಾನವು ಉರಿಸುವುದು ಸೀಮೆಎಣ್ಣೆಯ ಜಾತಿಯ ಇಂಧನವನ್ನು. ಅದನ್ನು ಚಾಲಕರು ಲೀಟರಿನಲ್ಲಿ ಎಣಿಸದೆ ತೂಕದಲ್ಲಿ ಎಣಿಸುತ್ತಾರೆ. ಏಕೆಂದರೆ ಎಣ್ಣೆಯು ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಯಂತ್ರಕ್ಕೆ ಬಲವನ್ನು ಕೊಡುವುದು ಅದರ ತೂಕವೇ ಹೊರತು ಅಳತೆಯಲ್ಲ. ಈ ತೂಕದ ಲೆಕ್ಕದಲ್ಲಿ ತಪ್ಪಿದರೆ ಏನಾಗುವುದೆಂಬುದಕ್ಕೆ ೧೯೮೩ರ ಜುಲೈ ೨೩ರಂದು ಕೆನಡಾ ದೇಶದಲ್ಲಿ ನಡೆದ ಸಂಗತಿ ಪ್ರಸಿದ್ಧವಾಗಿದೆ. ಕಿಲೋಗ್ರಾಮಿನಲ್ಲಿ ಇರಬೇಕಾದ ಲೆಕ್ಕವನ್ನು ಪೌಂಡಿನಲ್ಲಿ ಮಾಡಿದುದರಿಂದ ಬೋಯಿಂಗ್ ೭೬೭ ವಿಮಾನವೊಂದು ಬೇಕಾದುದರ ಅರ್ಧಕ್ಕಿಂತಲೂ ಕಡಮೆ ಎಣ್ಣೆಯಿಂದ ಹೊರಟು, ನಡು ಆಕಾಶದಲ್ಲಿ ಎರಡು ಯಂತ್ರಗಳೂ ಆರಿಹೋಗಿ, ಗಿಮ್ಲಿ ಎಂಬಲ್ಲಿನ ಹಳೆಯ ಓಡುದಾರಿಗೆ ಗಾಳಿಯಲ್ಲಿ ಜಾರಿಕೊಂಡು ಬಂದು ಇಳಿಯಿತು. ಪುಣ್ಯವಶಾತ್ ಯಾರೂ ಸಾಯಲಿಲ್ಲ.

ದುಬೈಗೂ ಮಂಗಳೂರಿಗೂ ನಡುವೆ ಬಹುಕಾಲದಿಂದ ಸಂಚರಿಸುತ್ತಿರುವ ಬೋಯಿಂಗ್ ೭೩೭-೮೦೦ ಎಂಬ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೇಳುವವರು ಒಂದು ಕಾಗದವನ್ನೂ ಪೆನ್ಸಿಲನ್ನೂ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಈ ವಿಮಾನವು ನೆಲವನ್ನು ಬಿಟ್ಟು ಏರುವಾಗ ಅದರ ಒಟ್ಟು ತೂಕ ಸುಮಾರು ೭೯,೦೦೦ ಕಿಲೋಗ್ರಾಮನ್ನು ಮೀರಕೂಡದು. ಇಳಿಯುವಾಗಲಾದರೋ ಸುಮಾರು ೬೬,೩೦೦ ಕಿಲೋಗ್ರಾಮನ್ನು ಮೀರಕೂಡದು. ಏರುವಾಗ ನೆಲದಿಂದ ಮೃದುವಾಗಿ ಬೇರೆಯಾಗುವ ವಿಮಾನವು ಇಳಿಯುವಾಗ ನೆಲಕ್ಕೆ ಬಡಿಯುತ್ತದೆ. ಆ ಪೆಟ್ಟನ್ನು ಗಾಲಿಯ ಕಾಲುಗಳೂ ರೆಕ್ಕೆಯ ಬುಡವೂ ತಾಳಿಕೊಳ್ಳಬೇಕು. ಅದಕ್ಕಾಗಿ ಎರಡನೆಯ ಮಿತಿಯು ಮೊದಲನೆಯದಕ್ಕಿಂತ ಸುಮಾರು ಹದಿಮೂರು ಟನ್ನು ಕಡಮೆ. ನಡುವಿನ ವ್ಯತ್ಯಾಸವನ್ನು ದಾರಿಯಲ್ಲಿ ಉರಿಸಿಯೇ ಕಳೆಯತಕ್ಕದ್ದು.

ವಿಮಾನದ ಬರಿಯ ತೂಕವನ್ನು, ಸಿಬ್ಬಂದಿಯೂ ಸೇರಿ, ೪೨,೦೦೦ ಕಿಲೋ ಎಂದು ಹಿಡಿಯಿರಿ. ಅದರಲ್ಲಿ ೧೮೦ ಜನ ಪ್ರಯಾಣಿಕರು. ಕೈಚೀಲದೊಂದಿಗೆ ಆಳೊಂದಕ್ಕೆ ೭೫ ಕಿಲೋ, ಪೆಟ್ಟಿಗೆಗೆ ೩೦ ಕಿಲೋ. ಕೊಲ್ಲಿಯ ದೇಶಗಳಿಂದ ಊರಿಗೆ ಬರುವವರು ಪೆಟ್ಟಿಗೆಯಲ್ಲಿ ಒಂದು ಕಿಲೋವನ್ನೂ ಬಿಟ್ಟುಕೊಡುವವರಲ್ಲ! ಒಟ್ಟು ೧೮,೯೦೦ ಕಿಲೋ ಆಯಿತು. ಎರಡನ್ನೂ ಕೂಡಿದರೆ ೬೦,೯೦೦. ಇನ್ನೂ ಒಂದು ತೊಟ್ಟು ಎಣ್ಣೆಯನ್ನೂ ನಾವು ಹಾಕಿಲ್ಲ. ಮಂಗಳೂರಿನಲ್ಲಿ ಗಾಲಿ ನೆಲಕ್ಕೆ ತಗಲುವ ಗಳಿಗೆಯಲ್ಲಿ ಟಾಂಕಿಯಲ್ಲಿ ಉಳಿದಿರಬಹುದಾದ ಎಣ್ಣೆಯ ಮೇಲ್ಮಿತಿಯು ಆಗಲೇ ಗೊತ್ತಾಗಿಹೋಯಿತು: ೬೬,೩೦೦ರಲ್ಲಿ ೬೦,೯೦೦ನ್ನು ಕಳೆದರೆ ೫,೪೦೦ ಕಿಲೋ.

ಇನ್ನು ಎಣ್ಣೆಯ ಲೆಕ್ಕ. ದುಬೈಯಿಂದ ಮಂಗಳೂರಿಗೆ ನೇರ ದೂರ ಸುಮಾರು ೨,೪೫೦ ಕಿಲೋಮೀಟರು. ಮೂರೂಕಾಲು ಗಂಟೆಯ ಹಾದಿ. ಗಂಟೆಗೆ ೨,೫೦೦ ಕಿಲೋದಂತೆ ದಾರಿಖರ್ಚು ಸುಮಾರು ೮,೧೦೦. ಎದುರುಗಾಳಿ ಬೀಸಬಹುದು, ಬಿರುಮೋಡವನ್ನು ಬಳಸಿಕೊಂಡು ಹೋಗಬೇಕಾಗಬಹುದು. ಅದಕ್ಕಾಗಿ ದಾರಿಖರ್ಚಿನ ನೂರಕ್ಕೆ ಐದರಂತೆ ೪೦೦. ಮಂಗಳೂರಿನಲ್ಲಿ ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವುದಕ್ಕೆ, ಬೆಂಗಳೂರೆಂದು ಇಟ್ಟುಕೊಂಡರೆ, ೧,೭೦೦. ಕಟ್ಟಕಡೆಗೆ, ಆ ಬದಲಿ ನಿಲ್ದಾಣದ ಮೇಲೆ ಅರ್ಧ ಗಂಟೆ ಸುತ್ತುವುದಕ್ಕೆ ಸಾಲುವ ೧,೧೫೦ ಕಿಲೋ. ಈ ಕೊನೆಯದನ್ನು ಅಂತಿಮ ಮೀಸಲು ಎನ್ನುತ್ತಾರೆ. ಇದನ್ನು ಮುಟ್ಟುವುದೆಂದು ಯಾರೂ ಯೋಜನೆ ಹಾಕತಕ್ಕದ್ದಲ್ಲ. ಇದು ಮುಟ್ಟದೆ ಉಳಿಯಬೇಕಾದ ಎಣ್ಣೆ. ಇವೆಲ್ಲವನ್ನೂ ಕೂಡಿದರೆ ೧೧,೩೫೦ ಕಿಲೋ. ಟಾಂಕಿಯಲ್ಲಿ ಹಿಡಿಯುವುದು ಸುಮಾರು ೨೦,೮೦೦. ಎಂದರೆ, ಚಾಲಕನು ನಿಯಮದಂತೆ ಹೊರಟಾಗ ಟಾಂಕಿ ಅರ್ಧವನ್ನು ಸ್ವಲ್ಪ ಮೀರಿರುತ್ತದೆ, ಅಷ್ಟೆ. ಭಟ್ಕಳದವರ ಅನುಮಾನ ನಿಜವಾಗಿಯೇ ಇತ್ತು!

ಟಾಂಕಿಯನ್ನು ಪೂರ್ತಿಯಾಗಿ ತುಂಬಿಬಿಟ್ಟರೆ? ವಿಮಾನದ ತೂಕ ೮೧,೭೦೦ ಕಿಲೋ ಆಗುತ್ತದೆ. ದುಬೈಯ ನೆಲವನ್ನೇ ಅದು ಬಿಡುವಂತಿಲ್ಲ. ಏರುವ ಮಿತಿಯ ತನಕ ಮಾತ್ರ ತುಂಬಿ ಹೊರಟರೆ ಮಂಗಳೂರಿನ ಮೇಲೆ ಬಂದಾಗ ಅದು ೭೦,೯೦೦ ಕಿಲೋ ತೂಗುತ್ತದೆ. ಇಳಿಯುವ ಮಿತಿಗಿಂತ ನಾಲ್ಕೂವರೆ ಟನ್ನು ಹೆಚ್ಚು. ಹೆಚ್ಚಾದುದನ್ನು ಆಕಾಶದಿಂದ ಚೆಲ್ಲಿಬಿಡಬಾರದೇ ಎಂದು ಕೇಳಬಹುದು. ದೊಡ್ಡ ವಿಮಾನಗಳು ಕೆಲವಕ್ಕೆ ಚೆಲ್ಲುವ ಕೊಳವೆಗಳಿರುವುದು ನಿಜ. ಈ ೭೩೭ಕ್ಕೆ ಇಲ್ಲ. ಸುತ್ತಿ ಸುತ್ತಿ ಉರಿಸಬೇಕು, ಇಲ್ಲವೆ ರೋಗಿಯೋ ಬೆಂಕಿಯೋ ಇಂಥ ಆಪತ್ತಿನಲ್ಲಿ ಭಾರದೊಂದಿಗೆಯೇ ಇಳಿಸಿ, ಆಮೇಲೆ ವಿಮಾನದ ಕಾಲುಗಳನ್ನು ಪರೀಕ್ಷೆ ಮಾಡಿಸಬೇಕು. ಇದಲ್ಲದೆ ಎಣ್ಣೆಯನ್ನು ಹೊರುವುದಕ್ಕೂ ಎಣ್ಣೆ ಬೇಕು. ಒಂದು ಟನ್ನನ್ನು ಹೆಚ್ಚಾಗಿ ಹೊತ್ತುಕೊಂಡು ಈ ದಾರಿಯಲ್ಲಿ ಬಂದರೆ ಅದರಲ್ಲಿ ನೂರು ಕಿಲೋದಷ್ಟು ಅದನ್ನು ಹೊತ್ತ ಕೂಲಿಗೇ ಹೋಗಿರುತ್ತದೆ. ಎಣ್ಣೆ ಅಗ್ಗವಾಗಿರುವ ಊರಿನಲ್ಲಿ ತುಂಬಿಕೊಂಡು ತುಟ್ಟಿಯಾಗಿರುವ ಊರಿಗೆ ಬರುವ ವರ್ತಕಬುದ್ಧಿಯೂ ಈ ವ್ಯವಹಾರದಲ್ಲಿ ಇಲ್ಲದಿಲ್ಲ. ಅದರ ಲಾಭನಷ್ಟಗಳ ಮಾತು ಈಗ ಬೇಡ.

ತೂಕಕ್ಕೆ ಇಷ್ಟು ಹೆದರುವುದೇಕೆಂಬುದನ್ನು ಬಜ್ಪೆಯ ಗುಡ್ಡದ ಮೇಲೆ ನಿಂತು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಗುಡ್ಡದ ನೆತ್ತಿಯನ್ನು ಮೇಜಿನಂತೆ ಸಮಮಾಡಿ ಕಟ್ಟಿದ ನಿಲ್ದಾಣವದು. ಓಡುದಾರಿಯ ಆಚೆಗೆ ಕಣಿವೆ. ೧೯೫೧ರ ಡಿಸೆಂಬರ್ ೨೫ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಅಲ್ಲಿ ಬಂದಿಳಿದರು. ಇಂದಿನ ಬೋಯಿಂಗಿನ ಟಾಂಕಿಯನ್ನು ತುಂಬಿದರೆ ಅದರ ಎಣ್ಣೆಯೊಂದೇ ಆ ಡಕೋಟಾದ ಪೂರ್ತಿ ತೂಕವನ್ನು ಮೀರುತ್ತದೆ! ಹಳೆಯ ಓಡುದಾರಿ ೧,೬೧೫ ಮೀಟರಿನದು. ೧೯೮೧ರ ಆಗಸ್ಟ್ ೧೯ರಂದು ಆವ್ರೋ ವಿಮಾನವೊಂದು ಅಲ್ಲಿ ಒದ್ದೆಯ ನೆಲದಲ್ಲಿ ನಿಲ್ಲಲಾರದೆ ಅಂಚನ್ನು ದಾಟಿಹೋಯಿತು, ಜೀವಹಾನಿಯಾಗಲಿಲ್ಲ. ೨೦೦೬ರಲ್ಲಿ ೨,೪೫೦ ಮೀಟರಿನ ಹೊಸ ಓಡುದಾರಿ ಬಳಕೆಗೆ ಬಂದು, ಅದೇ ವರ್ಷ ದುಬೈಗೆ ನೇರ ವಿಮಾನ ಹೊರಟಿತು. ಭಟ್ಕಳ, ಹೊನ್ನಾವರ, ಕುಮಟೆಗಳ ಕುಟುಂಬಗಳಿಗೆ ಕೊಲ್ಲಿಯು ಆಗ ಒಂದು ಮೆಟ್ಟಿಲು ಹತ್ತಿರವಾಯಿತು.

೨,೪೫೦ ಮೀಟರು ಸಾಕಾದಷ್ಟು ಉದ್ದವೆಂದು ತೋರಬಹುದು. ಆದರೆ ಹೊರಡುವ ಮೊದಲೇ ಮಾಡುವ ಲೆಕ್ಕದಲ್ಲಿ ಅಷ್ಟೂ ಉದ್ದ ದೊರೆಯುವುದಿಲ್ಲ. ಒಣನೆಲದ ಮೇಲೆ, ನುರಿತ ಚಾಲಕನು ವಿಮಾನವನ್ನು ಇಳಿಸಿ ನಿಲ್ಲಿಸುವುದಕ್ಕೆ ಬೇಕೆಂದು ಪರೀಕ್ಷೆಯಿಂದ ಗೊತ್ತಾದ ದೂರವು ಓಡುದಾರಿಯ ನೂರಕ್ಕೆ ಅರುವತ್ತು ಪಾಲಿನೊಳಗೆ ಇರಬೇಕೆಂಬುದು ನಿಯಮ. ನೆಲ ಒದ್ದೆಯಾಗಿರುವುದಾದರೆ ಇನ್ನೂ ನೂರಕ್ಕೆ ಹದಿನೈದರಷ್ಟು ಅಂತರ ಬೇಕು. ಇಡೀ ಉದ್ದವೇ ಇಳಿಯುವುದಕ್ಕೆ ದೊರೆಯುವುದೆಂದು ಇಟ್ಟುಕೊಂಡರೂ, ಒಣದಿನದಲ್ಲಿ ೧,೪೭೦ ಮೀಟರು, ಮಳೆಯಲ್ಲಿ ೧,೨೭೮ ಮೀಟರು. ತೂಕ ಹೆಚ್ಚಿದಂತೆ ವಿಮಾನವು ವೇಗವಾಗಿ ಇಳಿಯಬೇಕು. ನಿಧಾನವಾದರೆ ರೆಕ್ಕೆಯು ಭಾರವನ್ನು ಎತ್ತಿ ಹಿಡಿಯಲಾರದು. ನೂರಕ್ಕೆ ಹತ್ತು ತೂಕ ಹೆಚ್ಚಾದರೆ ವೇಗವು ನೂರಕ್ಕೆ ಐದರಷ್ಟು ಏರುತ್ತದೆ. ಓಡುವ ವಸ್ತುವಿನ ಶಕ್ತಿಯು ತೂಕದೊಡನೆಯೂ ವೇಗದ ವರ್ಗದೊಡನೆಯೂ ಬೆಳೆಯತಕ್ಕದ್ದಾದುದರಿಂದ, ತಡೆಗಳು ನುಂಗಬೇಕಾದ ಶಕ್ತಿಯು ನೂರಕ್ಕೆ ಇಪ್ಪತ್ತೊಂದರಷ್ಟು ಏರುತ್ತದೆ. ಈ ವಿಮಾನ ಇಳಿಯುವ ವೇಗವು ಗಂಟೆಗೆ ಸುಮಾರು ೨೬೦ ಕಿಲೋಮೀಟರು. ನೆಲವನ್ನು ಮುಟ್ಟದೆ ಒಂದು ಸೆಕೆಂಡು ತೇಲಿದರೂ ಎಪ್ಪತ್ತು ಮೀಟರು ಓಡುದಾರಿ ಹಿಂದೆ ಸರಿದುಹೋಗುತ್ತದೆ.

೨೦೧೦ರ ಮೇ ೨೨ರ ಬೆಳಗಿನಲ್ಲಿ ದುಬೈಯಿಂದ ಬಂದ ವಿಮಾನವು ಇದೇ ಓಡುದಾರಿಯ ಕೊನೆಯನ್ನು ದಾಟಿ ಕಣಿವೆಗೆ ಉರುಳಿ ಉರಿದುಹೋಯಿತು. ೧೬೬ ಜನರಲ್ಲಿ ಬದುಕಿದವರು ೮ ಜನ. ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನವನ್ನು ಇಂದಿಗೂ ತಿಥಿಯಂತೆ ಎಣಿಸುತ್ತಾರೆ. ಆ ದುರಂತಕ್ಕೆ ಎಣ್ಣೆಯ ಭಾರ ಕಾರಣವಾಗಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದಿತ್ತು. ಆಗಲೇ ಇಳಿಯುವ ಪ್ರಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರಬೇಕಾಗಿದ್ದುದನ್ನು ಕ್ಯಾಪ್ಟನ್ನರು ಮಾಡಲಿಲ್ಲವೆಂದು ವಿಚಾರಣೆಯಿಂದ ಹೊರಬಂದಿತು. ಗಾಲಿಗಳು ನೆಲಕ್ಕೆ ತಗಲಿದುದು ಸುಮಾರು ೧,೬೦೦ ಮೀಟರು ಕಳೆದ ಮೇಲೆ. ಮಿಕ್ಕಿದ್ದುದು ೮೫೦ರಷ್ಟು ಮಾತ್ರ. ೨೦೨೦ರ ಆಗಸ್ಟ್ ೭ರಂದು ಕೋಳಿಕ್ಕೋಡಿನ ಅಂಥದೇ ಗುಡ್ಡದ ನಿಲ್ದಾಣದಲ್ಲಿ, ಮಳೆಯಲ್ಲಿ, ಹಿಂದಿನಿಂದ ಗಾಳಿ ನೂಕುತ್ತಿದ್ದಾಗ, ಓಡುದಾರಿಯ ಅರ್ಧದ ಹತ್ತಿರ ನೆಲವನ್ನು ಮುಟ್ಟಿದ ವಿಮಾನವು ೨೧ ಜೀವಗಳನ್ನು ಬಲಿಗೊಂಡಿತು. ಅದೂ ದುಬೈಯಿಂದಲೇ ಬಂದುದು. ಇಂಥ ಕಡೆ ಚಾಲಕನ ಕೈಯಲ್ಲಿರುವ ಅತ್ಯುತ್ತಮ ಉಪಾಯವೆಂದರೆ ಇಳಿಯದೆ ಮೇಲೇರುವುದು. ಆ ಉಪಾಯವು ಎಣ್ಣೆಯಿದ್ದವನಿಗೆ ಮಾತ್ರ ದೊರೆಯುತ್ತದೆ. ಒಮ್ಮೆ ಮೇಲೇರಿ, ಸುತ್ತಿ, ಮತ್ತೆ ಓಡುದಾರಿಯ ಎದುರಿಗೆ ಬರುವುದಕ್ಕೆ ಆರೇಳು ನೂರು ಕಿಲೋ ಬೇಕು.

ಆದುದರಿಂದ ಮಳೆಗಾಲದಲ್ಲಿ ಜಾಣನಾದ ಚಾಲಕನು ನಿಯಮದ ಎಣ್ಣೆಗೆ ತೃಪ್ತನಾಗುವುದಿಲ್ಲ. ನಮ್ಮ ಮುಂಗಾರಿನ ಒಂದು ಗುಣವನ್ನು ಅವನು ಬಲ್ಲನು. ಜೂನ್ ತಿಂಗಳಿನ ಮೋಡವು ಒಂದು ಊರಿನ ಮೋಡವಲ್ಲ. ಗೋವೆಯಿಂದ ಕೊಚ್ಚಿಯ ತನಕ ಕಡಲಂಚನ್ನೆಲ್ಲ ಒಟ್ಟಿಗೆ ಮುಚ್ಚಬಲ್ಲದು. ಮಂಗಳೂರು ಮುಚ್ಚಿದಾಗ ಕಣ್ಣೂರೋ ಕೋಳಿಕ್ಕೋಡೋ ತೆರೆದಿರುವುದೆಂಬ ಭರವಸೆಯಿಲ್ಲ. ಹತ್ತಿರದ ಬದಲಿ ನಿಲ್ದಾಣವು ಎಣ್ಣೆಯನ್ನು ಉಳಿಸುತ್ತದೆ, ನಂಬಿಕೆಯನ್ನು ಉಳಿಸುವುದಿಲ್ಲ. ಬೆಂಗಳೂರು ಸುಮಾರು ಮುನ್ನೂರು ಕಿಲೋಮೀಟರು ದೂರವಾದರೂ ಘಟ್ಟದ ಆಚೆಗಿದೆ. ಘಟ್ಟವು ಆ ಮೋಡದ ಬಹುಪಾಲನ್ನು ಈಚೆಗೇ ತಡೆದು ನಿಲ್ಲಿಸುತ್ತದೆ. ೨೦೧೫ರ ಆಗಸ್ಟ್ ೧೮ರಂದು ದೋಹಾದಿಂದ ಕೊಚ್ಚಿಗೆ ಬಂದ ವಿಮಾನವೊಂದು ಅಲ್ಲಿ ಮೂರು ಬಾರಿ ಇಳಿಯಲು ಯತ್ನಿಸಿ, ಆಗದೆ, ಅದೇ ಕಡಲಂಚಿನ ತಿರುವನಂತಪುರಕ್ಕೆ ಹೋಯಿತು. ಅಲ್ಲಿಯೂ ನೆಲ ಕಾಣಿಸಲಿಲ್ಲ. ಮೂರು ಬಾರಿ ಮೇಲೇರಿ ಏಳನೆಯ ಯತ್ನದಲ್ಲಿ ಇಳಿದಾಗ ಅದರ ಟಾಂಕಿಯಲ್ಲಿ ಉಳಿದಿದ್ದುದು ೪೦೦ ಕಿಲೋಗೂ ಕಡಮೆ. ಹತ್ತು ನಿಮಿಷದ ಎಣ್ಣೆ! ಅಂತಿಮ ಮೀಸಲಿನ ಅರ್ಧವೂ ಅಲ್ಲ.

ಅಂತಿಮ ಮೀಸಲಿಗೆ ಕೈಹಾಕಬೇಕಾಗುವುದೆಂದು ಕಂಡೊಡನೆ ಚಾಲಕನು ‘ಮೇಡೇ ಫ್ಯೂಯೆಲ್’ ಎಂದು ಕೂಗಿ ಹೇಳಬೇಕೆಂಬ ನಿಯಮವೂ ಇಂಥ ಅನುಭವದಿಂದಲೇ ಹುಟ್ಟಿದುದು. ೧೯೯೦ರ ಜನವರಿ ೨೫ರಂದು ನ್ಯೂಯಾರ್ಕಿನ ಬಳಿ, ಬಹಳ ಹೊತ್ತು ಆಕಾಶದಲ್ಲಿ ಕಾಯಿಸಲ್ಪಟ್ಟ ಕೊಲಂಬಿಯಾ ದೇಶದ ವಿಮಾನವೊಂದು ಎಣ್ಣೆ ಬತ್ತಿ ಬಿದ್ದು ೭೩ ಜನರು ಸತ್ತರು. ಎಣ್ಣೆ ಮುಗಿಯುತ್ತಿದೆಯೆಂದು ಅವರು ನೆಲದವರಿಗೆ ಹೇಳಿದ್ದರು. ಆಪತ್ತು ಎಂಬ ಮಾತನ್ನು ಮಾತ್ರ ಆಡಿರಲಿಲ್ಲ. ಸಂಕೋಚದ ಮಾತು ಮನೆಯಲ್ಲಿ ಚೆಂದ, ಆಕಾಶದಲ್ಲಿ ಅಲ್ಲ.

ಈಗ ಭಟ್ಕಳದವರ ಮಗನ ವಿಮಾನಕ್ಕೆ ಹಿಂದಿರುಗೋಣ. ಅದರ ನಿಜವಾದ ಕಾಗದಗಳನ್ನು ನಾನು ಕಂಡಿಲ್ಲ. ನಮ್ಮ ಉದಾಹರಣೆಯ ಅಂಕಿಗಳಿಂದಲೇ ನೋಡೋಣ. ನಿಯಮದ ಎಣ್ಣೆಯಿಂದ ಬಂದರೆ ಮಂಗಳೂರಿನ ಮೇಲೆ ವಿಮಾನದಲ್ಲಿ ೩,೨೫೦ ಕಿಲೋ ಉಳಿದಿರುತ್ತದೆ, ಮೇಲ್ಮಿತಿಯಾದರೋ ೫,೪೦೦. ನಡುವೆ ೨,೧೫೦ ಕಿಲೋಗೆ ಅವಕಾಶವುಂಟು. ಮಳೆಗಾಲದ ಚಾಲಕನು ಅದಷ್ಟನ್ನೂ ಹಾಕಿಸಿಕೊಂಡನೆನ್ನಿ. ಎರಡು ಬಾರಿ ಇಳಿಯಲೆತ್ನಿಸಿ ಮೇಲೇರಿದುದಕ್ಕೆ ೧,೩೦೦ ಕಿಲೋ ಹೋಯಿತು. ಉಳಿದ ೮೫೦ ಕಿಲೋದಲ್ಲಿ ಇಪ್ಪತ್ತು ನಿಮಿಷ ಸುತ್ತಬಹುದು. ಅಷ್ಟರಲ್ಲಿ ಮೋಡ ತೆರೆಯದಿದ್ದರೆ ಮಿಕ್ಕಿರುವುದು ಬೆಂಗಳೂರಿನ ಎಣ್ಣೆ. ಅದನ್ನು ಮಂಗಳೂರಿನ ಮೇಲೆ ಉರಿಸಿದವನಿಗೆ ಎರಡು ಊರುಗಳೂ ಇಲ್ಲದಂತಾಗುತ್ತದೆ. ಮುಂದಿನ ಅರ್ಧ ಗಂಟೆಯಲ್ಲಿ ಬಿಸಿಲು ಬೀಳುವುದೆಂದು ಅವನಿಗೆ ಯಾರು ಬರೆದುಕೊಡಬೇಕು? ಬೆಂಗಳೂರಿನಲ್ಲಿ ಇಳಿದ ಮೇಲೆ ಎಣ್ಣೆ ಹಾಕಿಸಿಕೊಂಡು ಹಿಂದಿರುಗುವಷ್ಟರಲ್ಲಿ ಸಿಬ್ಬಂದಿಯ ಕೆಲಸದ ಗಂಟೆಗಳು ಮುಗಿದಿದ್ದರೆ ಹೊಸ ಸಿಬ್ಬಂದಿ ಬರಬೇಕು, ಸಂಜೆಯಾಗುವುದು ಹೀಗೆ.

ಅದಕ್ಕಿಂತಲೂ ಹೆಚ್ಚು ಎಣ್ಣೆ ಬೇಕೆಂದು ಚಾಲಕನು ದುಬೈಯಲ್ಲಿ ಕೇಳಿದ್ದರೆ, ಇಳಿಯುವ ತೂಕವು ಮಿತಿಯನ್ನು ಮುಟ್ಟಿರುವುದರಿಂದ, ಬೇರೆ ಏನನ್ನಾದರೂ ಇಳಿಸಬೇಕು. ಜನರನ್ನು ಇಳಿಸುವುದಕ್ಕಿಂತ ಪೆಟ್ಟಿಗೆಗಳನ್ನು ಇಳಿಸುವುದು ವಾಸಿ. ಆಕಾಶದಲ್ಲಿ ಸುತ್ತುತ್ತ ಕಾಯುವುದಕ್ಕೆ ಗಂಟೆಗೆ ೨,೩೦೦ ಕಿಲೋ ಬೇಕು. ಎಂದರೆ ಮೂವತ್ತು ಕಿಲೋದ ಎಪ್ಪತ್ತೇಳು ಪೆಟ್ಟಿಗೆಗಳು. ನಿಮಿಷಕ್ಕೆ ಮೂವತ್ತೆಂಟು ಕಿಲೋ ಬೀಳುತ್ತದೆ.

ಇದೆಲ್ಲವನ್ನೂ ಆ ಮಹನೀಯರು ತಾಳ್ಮೆಯಿಂದ ಕೇಳಿದರು. ಪೆಟ್ಟಿಗೆಯಲ್ಲಿ ಏನಿತ್ತೆಂದು ನಾನು ವಿಚಾರಿಸಿದೆನು. ಖರ್ಜೂರ, ಮನೆಯವರಿಗೆ ಬಟ್ಟೆ, ಮೊಮ್ಮಗಳಿಗೆ ಆಟದ ಸಾಮಾನು. ಒಟ್ಟು ಇಪ್ಪತ್ತೆಂಟು ಕಿಲೋ ಎಂದರು. ಸ್ವಲ್ಪ ಹೊತ್ತು ಬೆರಳು ಎಣಿಸಿ, “ಹಾಗಾದರೆ ನನ್ನ ಮಗನ ಪೆಟ್ಟಿಗೆ ಮುಕ್ಕಾಲು ನಿಮಿಷಕ್ಕೆ ಹೋಯಿತೆನ್ನಿ” ಎಂದರು.